ಹಬ್ಬವಿಲ್ಲದ ದಿನ ಮೋಟರಿಗೆ ಪೂಜೆ

ನಾನು ಚಿಕ್ಕವಳಿದ್ದಾಗ ನನಗೆ ಅರ್ಥವಾಗದ ಸಂಗತಿಗಳೇ ಹೆಚ್ಚು. ಕೇಳಿದರೆ ದೊಡ್ಡವರು ‘ಸುಮ್ನಿರೇ’ ಅನ್ನುತ್ತಿದ್ದರು. ಸುಮ್ಮನಿದ್ದು ಸುಮ್ಮನಿದ್ದು ಎಷ್ಟೋ ವಿಷಯ ಅರ್ಥವಾಗದೆಯೇ ಉಳಿದುಹೋದವು. ಅದರಲ್ಲಿ ಒಂದನ್ನು ನಿಮಗೆ ಹೇಳುತ್ತೇನೆ, ಮಕ್ಕಳೇ. ನಿಮ್ಮ ಅಜ್ಜಿ ಹೆಚ್ಚು ಓದಿದವಳಲ್ಲ. ಚಂದ ಮಾಡಿ ಹೇಳಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕೇಳಿದ ಮೇಲೆ ನಿಮಗೇನಾದರೂ ಅರ್ಥವಾದರೆ ನನಗೂ ಹೇಳಿ.

ನಾವಿದ್ದದ್ದು ಶಿಡ್ಲಘಟ್ಟದಲ್ಲಿ. ಆಗ ಅಲ್ಲಿ ಬೀದಿಬೀದಿಗೂ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಫಿಲೇಚರ್ ಅನ್ನುತ್ತಿದ್ದರು. ರೇಷ್ಮೆಗೂಡನ್ನು ಕುದಿನೀರಲ್ಲಿ ಬೇಯಿಸಿದರೆ ಒಳಗಿನ ಹುಳವೂ ಬೇಯುತ್ತದೆ, ಅದರ ವಾಸನೆ ಇಡೀ ಊರಿಗೆ. ಹೊಸಬರು ಬಸ್ಸು ಇಳಿಯುತ್ತಲೇ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ನಮಗೆ ಆ ವಾಸನೆ ಇಲ್ಲದಿದ್ದರೆ ಊಟ ಸೇರುತ್ತಿರಲಿಲ್ಲ. ಚರಂಡಿಯಲ್ಲಿ ಬಿಸಿನೀರು ಹೊಗೆಯಾಡುತ್ತ ಹರಿಯುತ್ತಿತ್ತು. ಬೆಂದ ಹುಳಕ್ಕಾಗಿ ಕಾಗೆ, ನಾಯಿ, ಕೋಳಿ ಎಲ್ಲವೂ ಅಲ್ಲೇ ಠಿಕಾಣಿ.

ಅಮ್ಮ ನಾನು ತೊಟ್ಟಿಲಲ್ಲಿದ್ದಾಗಲೇ ಹೋಗಿಬಿಟ್ಟಳು. ಮನೆಯಲ್ಲಿ ಅಪ್ಪ, ಅಕ್ಕ, ನಾನು. ಅಪ್ಪ ಕೈಗಾಡಿಯವನು. ಗೂಡಿನ ಮಾರ್ಕೆಟ್ಟಿನಿಂದ ಒಬ್ಬ ಸಾಹುಕಾರರ ಫಿಲೇಚರಿಗೆ ಗೂಡಿನ ಮೂಟೆಗಳನ್ನು ಎಳೆದು ತರುತ್ತಿದ್ದ. ಅದೇ ಫಿಲೇಚರಿನಲ್ಲಿ ಅಕ್ಕ ನೂಲು ತೆಗೆಯುತ್ತಿದ್ದಳು. ಉದ್ದ ಶೆಡ್ಡು, ಸಾಲಾಗಿ ಬೇಸಿನ್ನುಗಳು, ಒಂದೊಂದು ಬೇಸಿನ್ನಿನ ಮುಂದೆ ಒಬ್ಬೊಬ್ಬ ಹೆಂಗಸು. ಹೊಗೆಯಾಡುವ ನೀರಿಗೆ ಬೆರಳಿಟ್ಟು, ಬೆಂದ ಗೂಡಿನಿಂದ ಕೂದಲಿಗಿಂತ ಸಣ್ಣದಾದ ಎಳೆಯ ತುದಿ ಹುಡುಕಿ, ತಿರುಗುವ ರಾಟೆಗೆ ಕೊಡಬೇಕು. ಅಷ್ಟೂ ರಾಟೆಗಳನ್ನು ತಿರುಗಿಸುವುದಕ್ಕೆ ಮೂಲೆಯಲ್ಲಿ ಒಂದೇ ಒಂದು ಮೋಟರು. ಅದು ತಿರುಗುತ್ತಿರುವಷ್ಟು ಹೊತ್ತು ನೀರಿನಿಂದ ಕೈ ತೆಗೆಯುವ ಹಾಗಿಲ್ಲ.

ಸಂಜೆ ಅಕ್ಕ ಮನೆಗೆ ಬಂದಾಗ ಅವಳ ಬೆರಳುಗಳು ನೀರಲ್ಲಿ ನೆನೆಸಿದ ಅವರೆಕಾಳಿನ ಹಾಗೆ ಬೆಳ್ಳಗೆ ಉಬ್ಬಿರುತ್ತಿದ್ದವು. ಸಂದುಗಳಲ್ಲಿ ಚರ್ಮ ಬಿರಿದು ಕೆಂಪಗೆ ಕಾಣುತ್ತಿತ್ತು. ಹರಳೆಣ್ಣೆ, ಅರಿಶಿನ ಹಚ್ಚಿಕೊಂಡು ಅಂಗೈ ಮೇಲೆ ಮಾಡಿ ಕೂರುತ್ತಿದ್ದಳು. ಸಾರಿನ ಉಪ್ಪು, ಖಾರ ತಾಗಿದರೆ ಜೀವ ಹೋಗುತ್ತದೆ. ಅದಕ್ಕೆ ನಾನೇ ಮುದ್ದೆ ಮುರಿದು, ಸಾರಿಗೆ ಅದ್ದಿ ಅವಳ ಬಾಯಿಗೆ ಇಡುತ್ತಿದ್ದೆ. ಬೇರೆ ಮನೆಗಳಲ್ಲಿ ಅಕ್ಕಂದಿರು ತಂಗಿಯರಿಗೆ ತಿನ್ನಿಸುತ್ತಿದ್ದರು. ನಮ್ಮ ಮನೆಯಲ್ಲಿ ಉಲ್ಟಾ.

ಆ ಬೇಸಿಗೆಯಲ್ಲಿ ನಮ್ಮ ಬೀದಿಗೆ ಯೂನಿಯನ್ ಸಾರ್ ಬರತೊಡಗಿದರು. ಸಣಕಲು ಆಳು, ಹೆಗಲಿಗೊಂದು ಜೋಳಿಗೆ. ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ಶಾಪಿನ ಮಹಡಿಯ ಮೇಲೆ ಅವರದೊಂದು ರೂಮು. ಭಾನುವಾರ ಸಂಜೆ ನಮ್ಮ ಪಕ್ಕದ ಮನೆ ಖಾಲಾ ಜಗಲಿಯ ಮೇಲೆ ಹೆಂಗಸರನ್ನು ಕೂರಿಸಿಕೊಂಡು ಕ್ಲಾಸು ಮಾಡುತ್ತಿದ್ದರು. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಅಕ್ಕನ ಪಕ್ಕದ ಬೇಸಿನ್ನಿನಲ್ಲಿ ಕೂರುತ್ತಿದ್ದವಳು ಅವಳು, ಬೀದಿಗೆಲ್ಲ ಖಾಲಾನೇ. ದೊಡ್ಡ ಹೆಂಗಸರು ಕ್ಲಾಸಿಗೆ ಹೋಗುವುದು ನೋಡಿ ನನಗೆ ನಗು. ಸ್ಲೇಟಿಲ್ಲ, ಬಳಪವಿಲ್ಲ, ಇದೆಂಥ ಸ್ಕೂಲು?

ಸಾರ್ ಕೇಳುತ್ತಿದ್ದರು, “ನೂಲು ತೆಗೆಯೋರು ಯಾರಮ್ಮ?”

“ನಾವೇ ಸಾರ್.”

“ನೀವು ಬರ್ದಿದ್ರೆ ನೂಲು ಬರುತ್ತಾ?”

“ನಾವು ಬರ್ದಿದ್ರೆ ಪಕ್ಕದ ಬೀದಿಯೋರು ಬರ್ತಾರೆ ಬಿಡಿ ಸಾರ್,” ಅಂದಳು ಖಾಲಾ. ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಾರ್ ಕೂಡ ನಕ್ಕರು. ಆಮೇಲೆ ಅವರು ನಿಧಾನವಾಗಿ ಹೇಳಿದ್ದು ಇಷ್ಟು: ಕೂಲಿ ಮಾಡುವವರಿಗೂ ಹಕ್ಕು ಅಂತ ಒಂದಿದೆ. ಒಬ್ಬಳು ಹೋಗಿ ಕೇಳಿದರೆ ಬೈಸಿಕೊಂಡು ಬರುತ್ತಾಳೆ. ಎಲ್ಲರೂ ಒಟ್ಟಿಗೆ ಕೇಳಿದರೆ ಮಾತುಕತೆ ಆಗುತ್ತದೆ. ಮೊದಲು ಕೂತು ಮಾತಾಡಿ ಏನು ಕೇಳಬೇಕೆಂದು ತೀರ್ಮಾನ ಮಾಡಿ, ಆಮೇಲೆ ಒಟ್ಟಿಗೆ ಕೇಳಿ.

ಅಪ್ಪನಿಗೆ ಈ ಕ್ಲಾಸು ಆಗುತ್ತಿರಲಿಲ್ಲ. “ಅನ್ನ ಹಾಕೋರ ಮೇಲೆ ತಿರುಗಿ ಬೀಳೋದು ಕಲಿಸ್ತಾನೆ ಅವ್ನು,” ಅನ್ನುತ್ತಿದ್ದ. ನನಗೂ ಅಪ್ಪ ಹೇಳುವುದೇ ಸರಿ ಅನಿಸುತ್ತಿತ್ತು. ಯಾಕೆಂದರೆ ಸಾಹುಕಾರರು ಕೆಟ್ಟವರಲ್ಲ. ಆಯುಧಪೂಜೆಯ ದಿನ ತಮ್ಮ ಕೈಯಾರೆ ನಮಗೆಲ್ಲ ಕಡ್ಲೆಪುರಿ, ಬೂಂದಿ, ಬಾಳೆಹಣ್ಣು ಹಂಚುತ್ತಿದ್ದರು. ನನ್ನ ತಲೆ ಸವರಿ ‘ಚೆನ್ನಾಗಿ ಓದು’ ಅನ್ನುತ್ತಿದ್ದರು. ನಾನು ಹಾಕಿಕೊಳ್ಳುತ್ತಿದ್ದ ಹಸಿರು ಲಂಗ ಅವರ ಮನೆಯಿಂದ ಬಂದದ್ದು. ಆದರೆ ಅಕ್ಕನ ಕೈ ಹಾಗಾದದ್ದೂ ಅವರ ಬೇಸಿನ್ನಿನಲ್ಲೇ. ಎರಡನ್ನೂ ಮಾಡುವವರು ಒಬ್ಬರೇ ಹೇಗಾಗುತ್ತಾರೆ? ಕೇಳಿದರೆ ಅಕ್ಕ ‘ಸುಮ್ನಿರೇ’ ಅಂದಳು.

ಒಂದು ಸೋಮವಾರ ಅಕ್ಕ ಸಾಹುಕಾರರ ಎದುರಿಗೆ ಎರಡು ಕೈಗಳನ್ನೂ ಚಾಚಿ, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಮೋಟರು ನಿಲ್ಲಿಸಿ ಕೈ ಒಣಗಿಸಿಕೊಳ್ಳಲು ಬಿಡಬೇಕೆಂದು ಕೇಳಿಬಿಟ್ಟಳು. ಎಲ್ಲರೂ ಒಟ್ಟಿಗೆ ಕೇಳೋಣವೆಂದು ಹಿಂದಿನ ಸಂಜೆ ಜಗಲಿಯಲ್ಲಿ ತೀರ್ಮಾನವಾಗಿತ್ತಂತೆ. ಸಾಹುಕಾರರು ಬಂದು ನಿಂತಾಗ ಅಕ್ಕ ಎದ್ದಳು, ಮಿಕ್ಕವರೆಲ್ಲ ನೀರಿನೊಳಗಿನ ಗೂಡನ್ನೇ ನೋಡುತ್ತಾ ಕೂತರು. ಖಾಲಾ ಕೂಡ ಏಳಲಿಲ್ಲ.

ಸಾಹುಕಾರರು ಬೈಯಲಿಲ್ಲ. ಮೆತ್ತಗೆ ಹೇಳಿದರು, “ಅಯ್ಯೋ ಪಾಪ, ಕೈ ಹಿಂಗಾಗಿದ್ಯಲ್ಲಮ್ಮ. ನಾಳೆಯಿಂದ ಬರ್ಬೇಡ ಕಣಮ್ಮ. ಮನೇಲೇ ಇರು.”

ಸಂಜೆ ಇದನ್ನು ಕೇಳಿ ನಾನು ಕುಣಿದಾಡಿಬಿಟ್ಟೆ. ಅಕ್ಕನಿಗೆ ರಜೆ! ನಮ್ಮ ಸ್ಕೂಲಿಗೂ ರಜೆ, ಅವಳಿಗೂ ರಜೆ. ಅಕ್ಕ ನೋಡಿದರೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಳೆ. ಅಪ್ಪ ಅವಳ ಜೊತೆ ಮಾತು ಬಿಟ್ಟ. ಕೆಲಸ ಹೋದದ್ದು ಅಂತ ನನಗೆ ತಿಳಿದದ್ದು ಖಾಲಾ ಹೇಳಿದ ಮೇಲೆ. ಊರಿನ ಒಂದು ಫಿಲೇಚರಿನಲ್ಲಿ ಬಿಡಿಸಿದವಳನ್ನು ಇನ್ನೊಂದು ಫಿಲೇಚರಿನವರು ಸೇರಿಸಿಕೊಳ್ಳುತ್ತಿರಲಿಲ್ಲ. ಅಪ್ಪನ ಗಾಡಿಯೊಂದರಿಂದ ಮನೆ ನಡೆಯುವುದಿಲ್ಲ. ನನ್ನನ್ನು ಯಾವುದಾದರೂ ಮನೆಯಲ್ಲಿ ಕೈಯಿಂದ ರಾಟೆ ತಿರುಗಿಸಲು ಕೂಲಿಗೆ ಬಿಡಬೇಕಾಗಬಹುದು ಅಂತ ಅಪ್ಪ ಗೋಡೆಗೆ ಹೇಳಿದ ಹಾಗೆ ಹೇಳಿದ.

ಮಾರನೆಯ ದಿನ ಬೆಳಿಗ್ಗೆ ನಾನು ಎದ್ದಾಗ ಅಕ್ಕ ತಲೆಗೆ ನೀರು ಹಾಕಿಕೊಂಡು, ತಟ್ಟೆಯಲ್ಲಿ ಅರಿಶಿನ, ಕುಂಕುಮ, ಕನಕಾಂಬರ, ಕರ್ಪೂರ ಇಟ್ಟುಕೊಂಡಿದ್ದಳು.

“ಎಲ್ಲಿಗಕ್ಕ?”

“ಬೇಸಿನ್ನಿಗೆ ಕೈ ಮುಗಿದು ಬರ್ತೀನಿ ಕಣೇ. ಇಷ್ಟು ವರ್ಷ ಅನ್ನ ಕೊಡ್ತು. ಹೇಳ್ದೆ ಕೇಳ್ದೆ ಬಂದ್ಬಿಟ್ಟಿದೀನಿ.”

ಕರ್ಪೂರ ನೋಡಿದ ಮೇಲೆ ನಾನು ಮನೆಯಲ್ಲಿರುತ್ತೇನೆಯೇ? ಕರ್ಪೂರ ಅಂದರೆ ಹಬ್ಬ, ಹಬ್ಬ ಅಂದರೆ ಬೂಂದಿ. ಹಿಂದೆಯೇ ಓಡಿದೆ.

ಶೆಡ್ಡಿನಲ್ಲಿ ಒಲೆ ಉರಿಯುತ್ತಿತ್ತು. ನೀರು ಇನ್ನೂ ಕಾದಿರಲಿಲ್ಲ, ಮೋಟರು ಹಾಕಿರಲಿಲ್ಲ. ಹೆಂಗಸರು ಬಂದು ಕೂತಿದ್ದರು. ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಅಕ್ಕನನ್ನು ಬಾಗಿಲಲ್ಲೇ ತಡೆದ. ಅಕ್ಕ ತಟ್ಟೆ ತೋರಿಸಿದಳು. ಅರಿಶಿನ ಕುಂಕುಮ ಹಿಡಿದು ಬಂದವಳನ್ನು ಹೋಗು ಅನ್ನಲು ಅವನಿಗೂ ಆಗಲಿಲ್ಲ. “ಬೇಗ ಮುಗ್ಸಮ್ಮ, ಸಾಹುಕಾರ್ರು ಬರ್ತಾರೆ,” ಅಂದ.

ಅಕ್ಕ ತನ್ನ ಬೇಸಿನ್ನಿಗೆ ಕುಂಕುಮ ಇಟ್ಟಳು, ಹೂ ಇಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಹಾಗೆಯೇ ಮೂಲೆಗೆ ನಡೆದು ಮೋಟರಿಗೂ ಮೂರು ಬೆರಳು ಅರಿಶಿನ ಎಳೆದಳು, ಕುಂಕುಮ ಇಟ್ಟಳು, ಒಂದು ಮೊಳ ಕನಕಾಂಬರ ಸುತ್ತಿದಳು, ಕರ್ಪೂರ ಬೆಳಗಿದಳು. ಬೇಕೆಂದೇ ಮಾಡಿದಳೋ, ಆಯುಧಪೂಜೆಯಲ್ಲಿ ಅಪ್ಪ ಮಾಡುವುದನ್ನು ನೋಡಿದ ರೂಢಿಗೆ ಕೈ ತಾನಾಗಿ ಹೋಯಿತೋ ನನಗೆ ಇವತ್ತಿಗೂ ತಿಳಿಯದು. ಹೆಂಗಸರೆಲ್ಲ ಎದ್ದು ಬಂದು ಮಂಗಳಾರತಿ ತೆಗೆದುಕೊಂಡರು. ಅಕ್ಕ ಕಣ್ಣೊರೆಸಿಕೊಂಡು ಯಾರ ಮುಖವನ್ನೂ ನೋಡದೆ ಮನೆಗೆ ಹೊರಟುಹೋದಳು. ನಾನು ಹೋಗಲಿಲ್ಲ. ಬೂಂದಿ ಇನ್ನೂ ಬಂದಿರಲಿಲ್ಲವಲ್ಲ.

ಮೇಸ್ತ್ರಿ ಮೋಟರಿನ ಸ್ವಿಚ್ಚಿಗೆ ಕೈ ಹಾಕಲು ಹೋದ. ಚಿಂತಾಮಣಿ ಕಡೆಯ ಒಬ್ಬ ಮುದುಕಿ, ಅರ್ಧ ತೆಲುಗು ಅರ್ಧ ಕನ್ನಡ ಆಡುವವಳು, ಕೂಗಿಕೊಂಡಳು, “ವದ್ದಯ್ಯಾ, ವದ್ದು! ಪೂಜೆ ಆಗಿರೋ ಮಿಷನ್ನು, ಮುಟ್ಟಬ್ಯಾಡ!”

ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಪೂಜೆಯಾದ ಯಂತ್ರವನ್ನು ಹಾಗೇ ಓಡಿಸುವಂತಿಲ್ಲ. ಸಾಮಾನ್ಯವಾಗಿ ಮಾರನೆಯ ದಿನ, ಕೈ ಮುಗಿದು, ಹೂವನ್ನು ಒಂದಿಷ್ಟು ಸರಿಸಿ ಪೂಜೆ ಕದಲಿಸಿದ ಮೇಲೆಯೇ ಕೆಲಸ. ನಮ್ಮ ಫಿಲೇಚರಿನಲ್ಲಿ ಪ್ರತಿ ವರ್ಷ ಪೂಜೆ ಮಾಡಿ ಕದಲಿಸುವವನು ಅಪ್ಪನೇ. ಯಾವುದೋ ವರ್ಷ ಅವಸರಕ್ಕೆ ಪೂಜೆ ಕದಲಿಸದೆ ಮೋಟರು ಓಡಿಸಿ, ಬೆಲ್ಟು ಕಿತ್ತುಬಂದು ಇದೇ ಮೇಸ್ತ್ರಿಯ ಮೊಣಕೈಗೆ ಬಡಿದಿತ್ತು. ಅವನು ಮೊಣಕೈ ಸವರಿಕೊಂಡು ಹಿಂದೆ ಸರಿದ.

ಸಾಹುಕಾರರ ಸ್ಕೂಟರು ಬಂದಾಗ ಮೋಟರು ತಣ್ಣಗೆ ಹೂ ಮುಡಿದು ಕೂತಿತ್ತು. ಹೆಂಗಸರು ಬೇಸಿನ್ನಿನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದರು.

“ಏನ್ರಮ್ಮ ಇವತ್ತು ಹಬ್ಬ?” ಅಂದರು.

ಸಾಹುಕಾರರು ಖಾಲಾ ಕಡೆ ತಿರುಗಿದರು.

“ನನ್ನೇನ್ ಕೇಳ್ತೀರಾ ಸಾಹುಕಾರ್ರೇ, ಹಬ್ಬ ನಂದಲ್ಲ,” ಅಂದಳು ಖಾಲಾ. “ಇವ್ರು ಮುಟ್ಟಬ್ಯಾಡ ಅಂದ್ರು, ಸುಮ್ಕೆ ನಿಂತ್ಕಂಡಿದೀನಿ.”

ನಾನು ಮೇಸ್ತ್ರಿಯ ಪಂಚೆ ಜಗ್ಗಿ ಬೂಂದಿ ಯಾವಾಗ ಕೊಡುತ್ತಾರೆ ಎಂದು ಕೇಳಿದೆ. ಅವನು ನನ್ನನ್ನು ನೋಡಿದ ನೋಟಕ್ಕೆ ಹೆದರಿ ಗೂಡಿನ ರಾಶಿಯ ಹತ್ತಿರ ಹೋಗಿ ನಿಂತೆ. ರಾಶಿಯೆಂದರೆ ನನ್ನೆತ್ತರ. ಬಿಸಿಲಿಗೆ ಶೆಡ್ಡು ಕಾದಿತ್ತು. ಅಷ್ಟೊಂದು ಸೆಕೆಯಲ್ಲಿ ಗೂಡು ತಡೆಯುವುದಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದರೆ ಆ ಗೂಡಿನಿಂದ ನೂಲು ಎಳೆಯಲಾಗುವುದಿಲ್ಲ, ಎಸೆಯಬೇಕು. ನಾನು ನೋಡುತ್ತಿದ್ದಂತೆಯೇ ಒಂದು ಬಿಳಿ ಚಿಟ್ಟೆ ರೆಕ್ಕೆ ಬಡಿಯುತ್ತ ರಾಶಿಯ ಮೇಲೆ ತೆವಳಿತು. ಸಾಹುಕಾರರೂ ಅದನ್ನು ನೋಡಿದರು. ಅವರ ಮುಖದಲ್ಲಿ ಬೆವರಿಳಿಯಿತು. ಆದರೂ ಪೂಜೆಯಾದ ಮೋಟರನ್ನು ಮುಟ್ಟಲು ಅವರಿಗೂ ಧೈರ್ಯ ಬರಲಿಲ್ಲ.

ಸುದ್ದಿ ಹೇಗೆ ಮುಟ್ಟಿತೋ, ಯೂನಿಯನ್ ಸಾರ್ ಸೈಕಲ್ ತುಳಿದುಕೊಂಡು ಬಂದರು. ಅವರಿಗೆ ಖುಷಿಯಾಗುತ್ತದೆ ಅಂದುಕೊಂಡೆ. ಅವರು ಬಂದವರೇ ಹೆಂಗಸರನ್ನು ಗದರಿದರು, “ಸ್ಟ್ರೈಕ್ ಮಾಡಿ ಅಂತ ಯಾರಮ್ಮ ಹೇಳಿದ್ದು? ಮೊದ್ಲು ನೋಟೀಸು ಕೊಡ್ಬೇಕು, ಕಾಯ್ಬೇಕು, ಅದಕ್ಕೊಂದು ಕ್ರಮ ಇದೆ!”

“ಸ್ಟ್ರೈಕ್ ಎಲ್ಲೈತೆ ಸಾರ್?” ಅಂದಳು ಮುದುಕಿ. “ಪೂಜೆ.”

ಸಾಹುಕಾರರು ಅದು ಸ್ಟ್ರೈಕು ಅನ್ನುತ್ತಾರೆ. ಹೆಂಗಸರು ಪೂಜೆ ಅನ್ನುತ್ತಾರೆ. ಸಾರ್ ಎರಡೂ ಅಲ್ಲ ಅನ್ನುವ ಹಾಗೆ ತಲೆ ಕೆರೆದುಕೊಳ್ಳುತ್ತಾರೆ. ಪೂಜೆ ಮಾಡಿದವಳು ಮನೆಯಲ್ಲಿದ್ದಾಳೆ. ನನಗಂತೂ ತಲೆ ಕೆಟ್ಟು ಕೆರ ಹಿಡಿಯಿತು.

ಅಷ್ಟರಲ್ಲಿ ಅಪ್ಪ ಗೂಡಿನ ಮೂಟೆಗಳನ್ನು ಎಳೆದುಕೊಂಡು ಬಂದ. ಸಾಹುಕಾರರಿಗೆ ಹೋದ ಜೀವ ಬಂದಂತಾಯಿತು. “ಬಾಪ್ಪಾ, ಒಳ್ಳೇ ಟೈಮಿಗೆ ಬಂದೆ. ನೋಡು ನಿನ್ ಮಗಳು ಮಾಡಿರೋ ಕೆಲ್ಸ. ವರ್ಷಾ ವರ್ಷಾ ನೀನೇ ಅಲ್ವಾ ಕದಲಿಸೋನು? ಕದಲಿಸಿಬಿಡು.”

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಹೆಗಲ ಟವಲಿನಿಂದ ಕೈ ಒರೆಸಿಕೊಂಡ. ಮೋಟರಿನ ಮುಂದೆ ಕೈ ಮುಗಿದು ನಿಂತ. ಎಷ್ಟು ಹೊತ್ತು ನಿಂತನೆಂದರೆ, ಕರ್ಪೂರದ ಕರಿಯಿಂದ ಒಂದು ಇರುವೆ ಹೊರಟು ಮೋಟರಿನ ಮೇಲೆಲ್ಲ ಹರಿದಾಡಿ ಮತ್ತೆ ನೆಲಕ್ಕಿಳಿಯಿತು. ಅಪ್ಪ ಹೂವಿಗೆ ಕೈ ಹಾಕುತ್ತಾನೆ ಅಂತ ನಾನು ನೋಡುತ್ತಲೇ ಇದ್ದೆ. ಅವನು ಸಾಹುಕಾರರ ಪಕ್ಷ ಅಲ್ಲವೇ? ನಿನ್ನೆ ಅಕ್ಕನ ಜೊತೆ ಮಾತು ಬಿಟ್ಟವನು ಅವನೇ ಅಲ್ಲವೇ?

“ಪೂಜೆ ಮಾಡಿದ ಕೈಯೇ ಕದಲಿಸ್ಬೇಕು ಸಾಮಿ,” ಅಂದ ಅಪ್ಪ. “ನಾನು ಮಾಡಿದ್ದನ್ನ ನಾನು ಕದಲಿಸ್ತಿದ್ದೆ. ಇದು ಅವ್ಳು ಮಾಡಿರೋದು.”

“ಹಂಗಾದ್ರೆ ಹೋಗಿ ಅವ್ಳನ್ನ ಕರ್ಕೊಂಡ್ ಬಾ.”

“ಬರ್ಬೇಡ ಅಂದಿದ್ದು ತಾವು. ಬಾ ಅನ್ನೋದೂ ತಾವೇ ಆಗ್ಬೇಕು,” ಅಂದು ಅಪ್ಪ ಹೊರಗೆ ಹೋಗಿ ತನ್ನ ಗಾಡಿಯ ಮೇಲೆ ಕೂತ. ಬಿಟ್ಟ ಚಪ್ಪಲಿ ಮೆಟ್ಟುವುದನ್ನೂ ಮರೆತಿದ್ದ. ನಾನು ನೋಡಿದೆ.

ಸಾಹುಕಾರರು ಸುತ್ತಮುತ್ತ ನೋಡಿ ನನ್ನನ್ನು ಕರೆದರು. “ಪುಟ್ಟಾ, ಓಡು, ನಿಮ್ಮಕ್ಕಂಗೆ ಬರ್ಬೇಕಂತೆ ಅನ್ನು.”

ಓಡಿದೆ. ಅಕ್ಕ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಬಾಯಿ ತೆರೆದು ಕೂತುಬಿಟ್ಟಳು. ಮೋಟರು ನಿಂತಿದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. “ಅಯ್ಯೋ ದೇವ್ರೇ, ನಾನೇನ್ ಮಾಡ್ಬಿಟ್ಟೆ!” ಅಂದಳು. ಸೆರಗು ಸಿಕ್ಕಿಸಿಕೊಂಡು ಎದ್ದೂ ಬಿಟ್ಟಳು. ಹೊಸಿಲಿಗೆ ಬಂದು ನಿಂತಳು. ತನ್ನ ಕೈಗಳನ್ನು ನೋಡಿಕೊಂಡಳು. ಮತ್ತೆ ಒಳಗೆ ಹೋಗಿ ಮೊರದ ಮುಂದೆ ಕೂತಳು.

“ಹೂ ತೆಗಿಯಕ್ಕೆ ಬರಲ್ಲ ಅನ್ನು. ಬಂದ್ರೆ ಕೆಲ್ಸಕ್ಕೇ ಬರೋದು. ಕೈ ಒಣಗಿಸ್ಕೊಳಕ್ಕೆ ಬಿಡ್ತಾರಾ ಕೇಳು.”

ನಾನು ಮತ್ತೆ ಓಡಿಬಂದು ಇದನ್ನು ಏದುಸಿರಿನಲ್ಲಿ ಒಪ್ಪಿಸಿದೆ. ಸಾಹುಕಾರರ ದನಿ ಮೊದಲ ಸಲ ಏರಿತು. “ಅವ್ಳೊಬ್ಳಿಗೋಸ್ಕರ ನಾನು ಮೋಟರು ನಿಲ್ಲಿಸ್ಬೇಕಾ?”

ಯೂನಿಯನ್ ಸಾರ್ ಬಾಯಿ ತೆರೆದರು. ಅವರಿಗಿಂತ ಮೊದಲು ಖಾಲಾ ತನ್ನ ಬೇಸಿನ್ನಿನ ಹಿಂದಿನಿಂದ ಮುಂದೆ ಬಂದಳು.

“ಒಬ್ಳಿಗಲ್ಲ ಸಾಹುಕಾರ್ರೇ,” ಅಂದು ಎರಡೂ ಕೈ ಚಾಚಿದಳು. “ನಿನ್ನೆ ನಾನೂ ಏಳ್ಬೇಕಿತ್ತು. ಏಳ್ಲಿಲ್ಲ.”

ಮುದುಕಿ ಚಾಚಿದಳು. ಅವಳ ಪಕ್ಕದವಳು ಚಾಚಿದಳು. ಆಮೇಲೆ ಸಾಲಿಗೆ ಸಾಲೇ ಅಂಗೈ ಮೇಲೆ ಮಾಡಿ ನಿಂತಿತು. ನೋಡಲು ಚೆನ್ನಾಗಿರಲಿಲ್ಲ. ಅಷ್ಟೂ ಕೈ ಅಕ್ಕನ ಕೈಯ ಹಾಗೆಯೇ ಇದ್ದವು. ಅಲ್ಲಿಯವರೆಗೆ ನಾನು ಅದು ನಮ್ಮಕ್ಕನಿಗೊಬ್ಬಳಿಗೇ ಬಂದ ಕಾಯಿಲೆ ಅಂದುಕೊಂಡಿದ್ದೆ.

ಸಾಹುಕಾರರು ಕೈಗಳನ್ನು ನೋಡಲಿಲ್ಲ. ಗೂಡಿನ ರಾಶಿ ನೋಡಿದರು. ಅಲ್ಲಿ ಚಿಟ್ಟೆಗಳು ಮತ್ತಷ್ಟು ಆಗಿದ್ದವು. “ಆಯ್ತು, ಎರಡು ಹೊತ್ತು ನಿಲ್ಸಿ. ಬಾ ಅನ್ನು ಅವ್ಳಿಗೆ, ಕೆಲ್ಸಕ್ಕೇ ಬಾ ಅನ್ನು,” ಅಂದರು. ಯೂನಿಯನ್ ಸಾರ್ ಕೂಡಲೇ, “ಎಲ್ರೂ ಕೇಳಿಸ್ಕೊಂಡ್ರಲ್ಲಮ್ಮ?” ಅಂದರು. ಎಲ್ಲರೂ ಹೂಂ ಅಂದರು. ಅವರ ಕ್ಲಾಸಿನಲ್ಲಿ ಯಾವತ್ತೂ ಹಾಗೆ ಒಟ್ಟಿಗೆ ಉತ್ತರ ಬಂದಿರಲಿಲ್ಲ.

ಅಕ್ಕ ಬಂದಳು. ಬಾಗಿಲಲ್ಲಿ ಗಾಡಿಯ ಮೇಲೆ ಕೂತಿದ್ದ ಅಪ್ಪನನ್ನು ದಾಟಿ ಬಂದಳು. ಮೋಟರಿಗೆ ಕೈ ಮುಗಿದು ಹೂವನ್ನು ಸರಿಸಿ ಕದಲಿಸಿದಳು. ಮೇಸ್ತ್ರಿ ದೂರದಿಂದ ಕೋಲಿನಲ್ಲಿ ಸ್ವಿಚ್ಚು ಒತ್ತಿದ. ಏನೂ ಆಗಲಿಲ್ಲ. ರಾಟೆಗಳು ತಿರುಗಿದವು. ಬೂಂದಿ ಕೊನೆಗೂ ಬರಲಿಲ್ಲ.

ಇದನ್ನು ಗೆಲುವು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಎರಡು ಹೊತ್ತಿನ ಬಿಡುವು ಮಳೆಗಾಲಕ್ಕೆ ಒಂದು ಹೊತ್ತಾಯಿತು. ಅದು ಉಳಿಯಲು ಯೂನಿಯನ್ ಸಾರ್ ಹೇಳಿದ ಕ್ರಮದಲ್ಲೇ ಮತ್ತೆ ಮತ್ತೆ ಕೇಳಬೇಕಾಯಿತು. ಸಾಹುಕಾರರು ಗೂಡು ತರಲು ಬೇರೆ ಗಾಡಿಯವನನ್ನು ಇಟ್ಟುಕೊಂಡರು. ಅಪ್ಪ ತರಕಾರಿ ಮೂಟೆ ಎಳೆಯಲು ಹೋದ. ಅಕ್ಕನ ಬೆರಳು ಪೂರ್ತಿ ವಾಸಿಯಾಗಲೇ ಇಲ್ಲ. ಆದರೆ ಕೆಲವು ದಿನ ಅವಳೇ ಮುದ್ದೆ ಮುರಿದುಕೊಂಡು ತಿನ್ನುತ್ತಿದ್ದಳು.

ಪೂಜೆ ಮಾಡಿದ ಕೈಯೇ ಕದಲಿಸಬೇಕು ಅನ್ನುವ ಶಾಸ್ತ್ರ ನಿಜವಾಗಿ ಇದೆಯೇ ಎಂದು ಒಮ್ಮೆ ಅಪ್ಪನನ್ನು ಕೇಳಿದ್ದೆ. ‘ಸುಮ್ನಿರೇ’ ಅಂದ. ನಾನು ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಕೂರಿಸಿದ ಗೌರಿಯನ್ನು ಪ್ರತಿ ವರ್ಷ ನಾನೇ ಕದಲಿಸಿದ್ದೇನೆ. ಏನೂ ಆಗಿಲ್ಲ. ಅಪ್ಪ ಆ ಮಾತನ್ನು ನಂಬಿ ಹೇಳಿದನೋ, ಅಲ್ಲೇ ನಿಂತು ಕಟ್ಟಿ ಹೇಳಿದನೋ? ಕೇಳೋಣವೆಂದರೆ ಈಗ ಅವನಿಲ್ಲ.

ಈಗ ನಿಮ್ಮ ಕಾಲ ನೋಡಿ. ನಿಮ್ಮಮ್ಮ ಗೌರಿಬಿದನೂರಿನ ಗಾರ್ಮೆಂಟ್ಸಿಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಾಳೆ. ಕತ್ತಿನಲ್ಲಿ ಫೋಟೋ ಇರುವ ಕಾರ್ಡು. ಗೋಡೆಗೆ ದೊಡ್ಡ ದೊಡ್ಡ ಫ್ಯಾನು. ಒಬ್ಬೊಬ್ಬರ ಮಿಷನ್ನಿಗೂ ಬೇರೆ ಬೇರೆ ಮೋಟರು, ಒಂದು ನಿಂತರೆ ಇನ್ನೊಂದು ನಿಲ್ಲುವುದಿಲ್ಲ. ಓನರ್ ಯಾರು ಅಂದರೆ ಅವಳಿಗೆ ಗೊತ್ತಿಲ್ಲ, ಯಾವ ದೇಶದವನೋ ಏನೋ. ಹೋದ ತಿಂಗಳು ಅವಳ ಲೈನಿನ ಹುಡುಗಿಗೆ ‘ನಾಳೆಯಿಂದ ಬರಬೇಡ’ ಅನ್ನುವುದು ಫೋನಿನಲ್ಲಿ ಮೆಸೇಜಾಗಿ ಬಂತು. ನಮ್ಮ ಸಾಹುಕಾರರು ಕೊನೆಯಪಕ್ಷ ಎದುರಿಗೆ ನಿಂತು ಹೇಳಿದ್ದರು. ಯಾವ ಕಾಲ ಮೇಲೋ ನನಗೆ ಗೊತ್ತಿಲ್ಲ. ಆದರೆ ನೀವು ಸ್ಕೂಲಿಗೆ ಹೋಗುತ್ತಿದ್ದೀರಿ, ರಾಟೆ ತಿರುಗಿಸಲು ಯಾರೂ ನಿಮ್ಮನ್ನು ಕರೆಯುವುದಿಲ್ಲ. ಅದು ಮೇಲು.

ಆ ಹುಡುಗಿಯ ವಿಷಯಕ್ಕೆ ಭಾನುವಾರ ಲೈನಿನವರೆಲ್ಲ ಒಂದು ಮನೆಯಲ್ಲಿ ಸೇರುತ್ತಾರಂತೆ. ನಿಮ್ಮಮ್ಮನೂ ಹೋಗುತ್ತಾಳೆ. ಇರುವುದೊಂದು ರಜೆ, ಅವತ್ತೂ ಅಮ್ಮ ಮನೆಯಲ್ಲಿರಲ್ಲ ಅಂತ ನೀವು ನಿನ್ನೆಯಿಂದ ಮುಖ ಊದಿಸಿಕೊಂಡಿದ್ದೀರಿ. ಊದಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅವಳು ಚಪ್ಪಲಿ ಮೆಟ್ಟುವಾಗ ಸೆರಗು ಹಿಡಿದು ಜಗ್ಗಬೇಡಿ. ಅವತ್ತು ಅಡಿಗೆ ನಾನು ಮಾಡುತ್ತೇನೆ. ಉಪ್ಪು ಹೆಚ್ಚಾದರೆ ಸುಮ್ಮನೆ ತಿನ್ನಿ.